ಪಟದಲ್ಲಿ ಭಾವ ಇರಲಿಲ್ಲ

ಅಕ್ಕ, ಆ ಪಟದಲ್ಲಿ ಭಾವ ಇರಲಿಲ್ಲ. ರಾಷ್ಟ್ರಪತಿಗಳ ಹಿಂದೆ ನಿಂತಿದ್ದ ಸಿಪಾಯಿ ಯಾರೋ, ಯಾವ ತಾಯಿಯ ಮಗನೋ — ನನಗೆ ಗೊತ್ತಿಲ್ಲ. ಅವನೇ ನಿನ್ನ ಗಂಡ ಎಂದು ಹೇಳಿದವಳು ನಾನು. ತಿಳಿದೂ ತಿಳಿದೂ ಹೇಳಿದೆ.

ಪಾಕಿಸ್ತಾನದ ಯುದ್ಧ ಮುಗಿದು ತಿಂಗಳುಗಳೇ ಕಳೆದಿದ್ದವು. ಸೈನ್ಯದಲ್ಲಿದ್ದ ಭಾವ ಪತ್ತೆಯಿಲ್ಲ ಎಂಬ ತಂತಿ ಬಂದ ಮೇಲೆ ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಿರಿಸೊಸೆ ನೀನು, ಆಗಷ್ಟೇ ಬಂದ ಕಿರಿಸೊಸೆ ನಾನು. ಯಶವಂತಪುರದಲ್ಲಿ ಸ್ಕೂಲಿಗೆ ಹೋದವಳೆಂಬ ಜಂಬ ಬೇರೆ. ಮುದ್ದೆ ಕಟ್ಟಲು ಮಾತ್ರ ಬರುತ್ತಿರಲಿಲ್ಲ. ನನ್ನ ಗಂಟುಗಂಟು ಮುದ್ದೆಯನ್ನು ನೀನು ಅತ್ತೆಗೆ ಕಾಣದ ಹಾಗೆ ನಿನ್ನ ತಟ್ಟೆಗೆ ಹಾಕಿಕೊಂಡು, ನೀನು ಕಟ್ಟಿದ್ದನ್ನು ನನ್ನದೆಂದು ಬಡಿಸುತ್ತಿದ್ದೆ. ಆ ಮನೆಯಲ್ಲಿ ನನಗೆ ತವರು ಅಂತ ಇದ್ದದ್ದು ನೀನೊಬ್ಬಳೇ.

ಒಂದು ಬೆಳಗ್ಗೆ ಅಬ್ಬಿಗೆರೆಯಿಂದ ನಿನ್ನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಜಗಲಿಯ ಮೇಲೆ ಕೂತು ಮಾವನಿಗೆ ನಿಧಾನವಾಗಿ ಹೇಳಿದ: "ವಯಸ್ಸಿನ್ನೂ ಚಿಕ್ಕದು, ಮಕ್ಳು ಮರಿ ಇಲ್ಲ. ಕರ್ಕಂಡೋಗ್ತೀನಿ ಮಾವ. ನಮ್ಮೂರಾಗೆ ಒಬ್ಬ ಒಳ್ಳೆ ಮನ್ಸ ಅವ್ನೆ, ಎಂಡ್ರು ತೀರ್ಕಂಡವ್ಳೆ. ಕೂಡಿಕೆ ಮಾಡ್ಬಿಡಾನ."

ಗಂಡ ಇಲ್ಲದವಳಿಗೆ ವಾಲಗವಿಲ್ಲದೆ ನಡೆಸುವ ಎರಡನೇ ಮದುವೆ — ಅದು ನಮ್ಮಲ್ಲಿ ಇತ್ತಲ್ಲ. ಮಾವ ಆಗಲಿ ಎಂದರು. ನೀನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬೇಡ ಅನ್ನಲಿಲ್ಲ. ಅದನ್ನು ನಾನು ಕಂಡೆ ಅಕ್ಕ — ನೀನು ಬೇಡ ಅನ್ನಲಿಲ್ಲ.

ನೀನು ಹೋದರೆ ನನ್ನ ಗತಿಯೇನು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ನನ್ನ ಗಂಡ ಜಾಲಹಳ್ಳಿಯ ಕಾರ್ಖಾನೆಯಿಂದ ಬರುವಾಗ ಕಡಲೆಕಾಯಿ ಕಟ್ಟಿಸಿ ತಂದಿದ್ದ ಪೇಪರ್ ಅಡುಗೆಮನೆಯಲ್ಲಿ ಬಿದ್ದಿತ್ತು. ರಾಷ್ಟ್ರಪತಿಗಳು ಯುದ್ಧದಲ್ಲಿ ಹಾಳಾಗಿದ್ದ ಗಡಿಯ ಹಳ್ಳಿಯೊಂದಕ್ಕೆ ಸದ್ದಿಲ್ಲದೆ ಹೋಗಿ ಬಂದರಂತೆ. ಬ್ಯಾಂಡಿಲ್ಲ, ವೇದಿಕೆಯಿಲ್ಲ. ಸೂರಿಲ್ಲದ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತು ಮುದುಕಿಯೊಬ್ಬಳ ಮಾತು ಕೇಳುತ್ತಿದ್ದರು. ಹಿಂದೆ ನಾಲ್ಕಾರು ಸಿಪಾಯಿಗಳು. ಅಚ್ಚಿನ ಮಸಿ ಹರಡಿ ಒಬ್ಬರ ಮುಖವೂ ನೆಟ್ಟಗೆ ಕಾಣುತ್ತಿರಲಿಲ್ಲ.

ಅದನ್ನು ಹಿಡಿದು ಜಗಲಿಗೆ ಬಂದು ಒಬ್ಬ ಸಿಪಾಯಿಯನ್ನು ತೋರಿಸಿದೆ. "ಇಲ್ಲಿ ಅವ್ರೆ ನೋಡಿ, ಭಾವ" ಎಂದೆ. ಪಟದ ಕೆಳಗಿನ ಸಾಲನ್ನು ಬೆರಳಿಟ್ಟು ಓದಿ, ಕೊನೆಗೆ ಅಲ್ಲಿಲ್ಲದ ಹೆಸರೊಂದನ್ನು ಸೇರಿಸಿದೆ — ಕೃಷ್ಣಪ್ಪ. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ನನ್ನ ಗಂಡನಿಗೂ ನಿನ್ನ ಅಣ್ಣನಿಗೂ ಸಹಿ ಹಾಕುವಷ್ಟೇ ಬರುತ್ತಿತ್ತು. ಪೇಪರಿನಲ್ಲಿ ಬಂದದ್ದನ್ನು ಅನುಮಾನಿಸುವುದು ಯಾರಿಗೂ ಗೊತ್ತಿರಲಿಲ್ಲ.

ನೀನು ಹೊರಗೆ ಬಂದು ಆ ಸಿಪಾಯಿಯ ಮೇಲೆ ಕೈಯಾಡಿಸಿ, "ಎಷ್ಟ್ ಸೊರಗವ್ರೆ" ಎಂದೆ. ನಿನ್ನ ಅಣ್ಣ ಕಣ್ಣೊರೆಸಿಕೊಂಡು ಬರಿ ಗಾಡಿ ಹೊಡೆದುಕೊಂಡು ಹೋದ.

ನಾಲ್ಕು ದಿನ ನಿನ್ನನ್ನು ಉಳಿಸಿಕೊಂಡರೆ ಸಾಕು, ಆಮೇಲೆ ಹೇಗಾದರೂ... ಆಮೇಲೆ ಏನೆಂದು ನಾನು ಯೋಚಿಸಿರಲಿಲ್ಲ. ಪಟ ದೇವರ ಗೂಡು ಸೇರಿತು. ಭಾವ ಸತ್ತರೆಂದು ಮಿಲಿಟರಿಯವರೇ ಬರೆದು ತಿಳಿಸಿದಾಗ, ಅದನ್ನು ಇದ್ದ ಹಾಗೇ ಓದಿದೆ. ನೀನು ನಕ್ಕುಬಿಟ್ಟೆ: "ರಾಷ್ಟ್ರಪತಿ ಜೊತೆ ನಿಂತಿರೋರ್ನ ಸತ್ತವ್ರೆ ಅಂತಾರಲ್ಲ, ಇವ್ರಿಗೇನ್ ಕಣ್ ಕಾಣಾಕಿಲ್ವಾ?" ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ನಿನಗೆಂದು ನೋಡಿದ್ದ ಅಬ್ಬಿಗೆರೆಯವನು ಬೇರೆಯವಳನ್ನು ತಂದುಕೊಂಡ. ನೀನು ನನ್ನ ಮಕ್ಕಳನ್ನು ಸೊಂಟದಿಂದ ಇಳಿಸದೆ ಸಾಕಿದೆ — ಆ ಸೊಂಟದಲ್ಲಿ ನಿನ್ನವೇ ಮಕ್ಕಳು ಇರಬಹುದಾಗಿತ್ತು. ರಾಷ್ಟ್ರಪತಿಗಳು, ಅಷ್ಟು ದೊಡ್ಡವರು, ಅಷ್ಟು ದೂರ ಹೋಗಿ, ಕಳಕೊಂಡವರ ಪಕ್ಕ ಕೂತು ಕೇಳಿ ಬಂದರು. ಒಂದೇ ಒಲೆಯ ಮುಂದೆ ಕೂತಿದ್ದೂ ನಿನಗೇನು ಬೇಕೆಂದು ನಾನು ಒಮ್ಮೆಯೂ ಕೇಳಲಿಲ್ಲ.

ಈಗಲೂ ದೀಪ ಹಚ್ಚುವಾಗ, "ಅದೇನ್ ಬರ್ದವ್ರೆ, ಇನ್ನೊಂದ್ ಕಿತ ಓದಮ್ಮಿ" ಅನ್ನುತ್ತೀಯ. ಓದುತ್ತೇನೆ, ಇಲ್ಲದ ಹೆಸರು ಸೇರಿಸಿ.

ಓದು ಬಾರದ ನಿನಗೆ ಬರೆದಿಟ್ಟು ತಪ್ಪೊಪ್ಪಿಕೊಂಡರೆ ಅದು ಇನ್ನೊಂದು ಮೋಸ. ನೀನು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೀಯ. ಈ ಹಾಳೆ ಹಿಡಿದು ಅಲ್ಲಿಗೇ ಬರುತ್ತಿದ್ದೇನೆ. ನಾನೇ ಓದಿ ಹೇಳುತ್ತೇನೆ ಅಕ್ಕ — ಇದರಲ್ಲಿ ಬರೆದಿರುವಷ್ಟನ್ನೇ.