ಕ್ಲಾರೆನ್ಸ್ ಅಂಕಲ್ ಹಾಡಿದ ಒಂದೇ ರೆಕಾರ್ಡು

ರೆಕಾರ್ಡಿನ ಮೇಲೆ ಮುಳ್ಳು ಕೂತೊಡನೆ, ಹಾಡಿಗೂ ಮೊದಲು, ಒಗ್ಗರಣೆಗೆ ಸಾಸಿವೆ ಬಿದ್ದಂತೆ ಒಂದು ಚಟಪಟ ಸದ್ದು ಬರುತ್ತದೆ. ಮೊನ್ನೆ ಕಾಲೇಜಿನ ಹತ್ತಿರದ ಕಾಫಿ ಅಂಗಡಿಯಲ್ಲಿ ಅದು ಕಿವಿಗೆ ಬಿದ್ದದ್ದೇ ತಡ, ಈಗ ಬೇರೆಯವರ ಪಾಲಾಗಿರುವ, ಅಮೆರಿಕದ ಫೋರ್ಟ್ ಮಿಲ್ ಊರಿನ ನಮ್ಮ ಮನೆ ಕಣ್ಮುಂದೆ ಬಂತು. ಕೊರೊನಾದಿಂದಾಗಿ ಮೈಸೂರಿಗೆ ಮರಳಲಾಗದೆ ನಮ್ಮೊಡನೆ ಉಳಿದಿದ್ದ, ಈಗಿಲ್ಲದ ಅಜ್ಜಿ. ಬೇಲಿಯಾಚೆ ಕುರ್ಚಿ ಹಾಕಿಕೊಂಡು ಅವರಿಗೆ ಹಾಡು ಕೇಳಿಸುತ್ತಿದ್ದ ಪಕ್ಕದ ಮನೆಯ ಕ್ಲಾರೆನ್ಸ್ ಅಂಕಲ್. ನಿಮಗೂ ಯಾವುದೋ ಸದ್ದಿನ ಹಿಂದೆ ಇಂಥದೊಂದು ಮನೆ ಇದ್ದೀತು.

ಎಂಬತ್ತು ದಾಟಿದ್ದ ಅಂಕಲ್ ಹರೆಯದಲ್ಲಿ ಡೂ-ವಾಪ್ ಹಾಡುಗಾರರು. ವಾದ್ಯಗಳ ಹಂಗಿಲ್ಲದೆ, ಬೀದಿ ಮೂಲೆಯಲ್ಲಿ ನಿಂತು ನಾಲ್ವರು ದನಿಗೆ ದನಿ ಹೆಣೆಯುತ್ತಿದ್ದರಂತೆ. ಅವರ ಒಂದೇ ಒಂದು ರೆಕಾರ್ಡು ದೇಶವೆಲ್ಲ ಓಡಿತು. ಅದರಲ್ಲಿ ಮೇಲೇರುವ ದನಿ ಅಂಕಲ್‌ದು, ಕೆಳಗಿನ 'ಡೂಂ ಡೂಂ' ಗೆಳೆಯ ಲಿಯಾನ್‌ನದು. ಆಮೇಲೆ ಲಿಯಾನ್ ಹೊಸಬರನ್ನು ಕಟ್ಟಿಕೊಂಡು, ಮೇಲಿನ ದನಿ ತನ್ನದೇ ಎಂದು ಊರೂರಲ್ಲಿ ಹೇಳಿಕೊಂಡ. ಸಾಯುವ ಮೊದಲು ಅವನೇ ನಿಜ ಹೇಳುತ್ತಾನೆ ಎಂದು ಅಂಕಲ್ ನಂಬಿದ್ದರು.

ಲಸಿಕೆ ಬಂದ ಮೇಲೆ ಒಂದು ಸಂಜೆ ಟಿವಿಯಲ್ಲಿ ಲಿಯಾನ್‌ನ ಸಂದರ್ಶನವಿತ್ತು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಮನೆಗೆ ಬಂದರು. ಲಿಯಾನ್ ನಗುತ್ತ ಹೇಳಿದ, ಹಾಡಿದ್ದು ತಾನು, ಉಳಿದವರು ಹಿಂದೆ ನಿಂತು ಗುನುಗಿದರು. ಅಂಕಲ್ ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ಮರಳಿ ಇಟ್ಟರು.

"ಏನಂತೆ ಪುಟ್ಟಿ?" ಇಂಗ್ಲಿಷ್ ಬಾರದ ಅಜ್ಜಿ ಕೇಳಿದರು.

"ಇವರ ವಾಯ್ಸ್ ಅವನದಂತೆ, ಅಜ್ಜಿ."

ಕಾರ್ಯಕ್ರಮ ಮುಗಿದ ಮೇಲೆ ಅಂಕಲ್ ಲಿಯಾನ್‌ಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಯಾವಾಗಲೂ ಸ್ಪೀಕರ್‌ನಲ್ಲೇ ಮಾತು. ಲಿಯಾನ್ ಹಲೋ ಅಂದ. ಅಂಕಲ್ ಬೈಯಲಿಲ್ಲ, ಒಡೆದ ದನಿಯಲ್ಲಿ ಆ ಹಾಡನ್ನೇ ಎತ್ತಿಕೊಂಡರು. ಮೊದಲ ಎರಡು ಸಾಲು ಒಬ್ಬರೇ ಹಾಡಿದರು. ಆಮೇಲೆ ಆಚೆಯಿಂದ, ಕೆಳಗಿನ ದನಿಯಲ್ಲಿ, 'ಡೂಂ ಡೂಂ' ಬಂತು, ತನ್ನ ಜಾಗಕ್ಕೆ ತಾನೇ ಬಂದು ನಿಂತಂತೆ. ಅಜ್ಜಿ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದರು. ಚರಣ ಮುಗಿಯಿತು.

"ಇದನ್ನೇ ಟಿವಿಯವರಿಗೂ ಹೇಳು, ಲಿಯಾನ್" ಎಂದರು ಅಂಕಲ್.

ಫೋನ್ ಕಟ್ ಆಯಿತು.

ಲಿಯಾನ್ ಹೇಳಲಿಲ್ಲ. ಮುಂದಿನ ಚಳಿಗಾಲದಲ್ಲಿ ಅಂಕಲ್ ತೀರಿಕೊಂಡರು. ಅಟ್ಲಾಂಟಾದಲ್ಲಿ ಅವರ ಮಗಳು ನಡೆಸಿದ ಅಂತ್ಯಕ್ರಿಯೆಯನ್ನು ನಾವು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಪಾದ್ರಿಗಳು, ಪಾಪ, ತಿಳಿಯದೆ, ಈ ಹಾಡನ್ನು ಜಗತ್ತಿಗೆ ಕೊಟ್ಟ ಲಿಯಾನ್‌ಗೆ ವಂದನೆ ಹೇಳಿ ರೆಕಾರ್ಡು ಹಾಕಿಸಿದರು. ಅಜ್ಜಿ ಪರದೆಯ ಹತ್ತಿರ ಹೋಗಿ ಬಾಗಿದರು.

"ಇದು ಅವರದೇ ದನಿ ಕಣ್ರಪ್ಪಾ" ಎಂದರು.

ನಮ್ಮ ಮೈಕ್ ಆಫ್ ಆಗಿತ್ತು. ಆಚೆ ಎಲ್ಲರೂ ತಲೆ ಬಾಗಿಸಿ, ಲಿಯಾನ್‌ನ ದನಿ ಎಂದುಕೊಂಡು, ಅಂಕಲ್ ಹಾಡುವುದನ್ನು ಕೇಳುತ್ತಿದ್ದರು.