ಕುಂಡದಲ್ಲಿ ಬೆಳೆದ ಕರಿಬೇವು

ನಮ್ಮ ಹಿತ್ತಲಿನ ನಲ್ಲಿಯ ಪಕ್ಕದಲ್ಲಿ ಒಂದು ಮಣ್ಣಿನ ಕುಂಡವಿತ್ತು, ಅದರಲ್ಲಿ ಒಂದು ಕರಿಬೇವು. ಹುಬ್ಬಳ್ಳಿಯಲ್ಲಿ ಗೇಣುದ್ದದ ಸಸಿಯಾಗಿದ್ದದ್ದು ಸೊಲ್ಲಾಪುರ ಕಂಡು, ಭುಸಾವಳ ಕಂಡು, ಲಾರಿಯಲ್ಲಿ ಹಂಡೆ ಕೊಡಗಳ ನಡುವೆ ಕೂತು ನಾಗಪುರಕ್ಕೆ ಬಂದದ್ದು. ರೈಲ್ವೆಯವರ ಸಂಸಾರ ಹೇಗಿರುತ್ತದೆಂದು ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ: ನಾವು ಗೋಡೆಗೆ ಮೊಳೆ ಹೊಡೆಯುವುದಿಲ್ಲ, ನೆಲದಲ್ಲಿ ಗಿಡ ನೆಡುವುದಿಲ್ಲ, ಸಾಮಾನು ತುಂಬಿ ತಂದ ಕಟ್ಟಿಗೆಯ ಪೆಟ್ಟಿಗೆಗಳನ್ನು ಎಸೆಯುವುದಿಲ್ಲ. ಅವುಗಳ ಮೇಲೆ ಹಾಸಿಗೆ ಹಾಸಿ, ದಿವಾನವೆಂದು ಕರೆದು, ಬಂದವರನ್ನು ಕೂರಿಸುತ್ತೇವೆ.

ಹಿಂಗಣಾ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ನಮ್ಮ ಬಡಾವಣೆ ಒಂದು ಕಾಲಕ್ಕೆ ಪೂರಾ ಕಿತ್ತಳೆಯ ತೋಟವಾಗಿತ್ತಂತೆ. ಪಕ್ಕದ ಮನೆಯ ಕುಸುಮತಾಯಿ ಆ ತೋಟದಲ್ಲಿ ಗಿಡ ಸವರುತ್ತಿದ್ದವರ ಸೊಸೆ. ಯಾರ ಅಡುಗೆಮನೆ ಯಾವ ಸಾಲಿನ ಮೇಲೆ ನಿಂತಿದೆಯೆಂದು ಇವತ್ತಿಗೂ ಬೆರಳು ಮಾಡಿ ತೋರಿಸುತ್ತಾರೆ. ತೋಟ ಹೋಗಿ ಸೈಟುಗಳಾದವು, ಕಾರ್ಖಾನೆಯ ಕೆಲಸಗಾರರು ಮನೆ ಕಟ್ಟಿದರು. ಬಾವಿಯೊಂದು ಮಾತ್ರ ಓಣಿಯ ನಡುವೆ ಉಳಿದು, ಅದರ ಕಟ್ಟೆಯೇ ಈಗ ಎಲ್ಲರ ಹರಟೆಯ ಜಾಗ. ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ನಾನು ಬೆಳಗಿನ ಪೋಹೆಯ ಗಾಡಿಯನ್ನು ತೋರಿಸುತ್ತೇನೆ. ಅವಲಕ್ಕಿಯ ಮೇಲೆ ಕಡಲೆಯ ಕೆಂಪು ಖಾರದ ಸಾರು ಸುರಿಸಿಕೊಂಡು, ಪಾಳಿ ಮುಗಿಸಿ ಬಂದವರೂ ಪಾಳಿಗೆ ಹೊರಟವರೂ ಮೂಗು ಒರೆಸಿಕೊಳ್ಳುತ್ತ ಅಕ್ಕಪಕ್ಕ ನಿಂತಿರುತ್ತಾರೆ. ಹನ್ನೊಂದು ವರ್ಷ ಇದನ್ನೆಲ್ಲ ನಾನು ರೈಲಿನ ಕಿಟಕಿಯಿಂದ ನೋಡುವ ಹಾಗೆ, ಇನ್ನೇನು ಹೊರಟಿತು ಎಂಬ ಧಾವಂತದಲ್ಲೇ ನೋಡಿದೆ.

ಊರೂ ಅಂಥದ್ದೇ ಸಿಕ್ಕಿತು ನೋಡಿ. ದೇಶದ ನಟ್ಟನಡುವೆ ಕೂತಿರುವುದರಿಂದ ಎತ್ತ ಹೋಗುವ ಗಾಡಿಯೂ ಇಲ್ಲಿ ನಿಲ್ಲುತ್ತದೆ. ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ಇಂಥ ಊರಲ್ಲಿ ಇಡಬಾರದು. ಬಂದ ಮೊದಲ ಮಳೆಗಾಲದಲ್ಲಿ ಕುಸುಮತಾಯಿ ಗುದ್ದಲಿ ಹಿಡಿದು ಬಂದು, ಕರಿಬೇವಿಗೆ ಗುಂಡಿ ತೋಡಿಕೊಡುತ್ತೇನೆಂದಿದ್ದರು. ಬರುವ ವರ್ಷ ಹೊರಟುಬಿಡುತ್ತೇವೆ, ಸುಮ್ಮನೆ ಯಾಕೆ ಎಂದು ತಡೆದೆ. ಆಮೇಲಿನ ಹತ್ತು ಮಳೆಗಾಲವೂ ಅದನ್ನೇ ಹೇಳಿದೆ.

ಮೊನ್ನೆ ನಮ್ಮ ಮನೆಯವರು ನಿವೃತ್ತರಾದರು. ಅದೇ ಹೊತ್ತಿಗೆ ನಮ್ಮ ಬಾಡಿಗೆ ಮನೆಯ ಮಾಲೀಕರು, ಈ ಮನೆ ಮಾರುತ್ತಿದ್ದೇನೆ, ಬೇಕಾದರೆ ನೀವೇ ಕೊಳ್ಳಿ, ಭಾನುವಾರ ಸಂಜೆಯೊಳಗೆ ತಿಳಿಸಿ ಎಂದರು. ಅತ್ತ ಧಾರವಾಡದಲ್ಲಿ ನನ್ನ ಅಕ್ಕ ತನ್ನ ಮನೆಯ ಪಕ್ಕದಲ್ಲೇ ನಮಗೊಂದು ಮನೆ ನೋಡಿಟ್ಟು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು. ನೀನು ಹೇಳಿದ ಹಾಗೆ ಎಂದು ಇವರು ಪೇಪರಿನ ಹಿಂದೆ ಅಡಗಿಕೊಂಡರು. ನಾಲ್ಕು ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಲು ಉಕ್ಕಿಸಿದೆ, ಒಂದೇ ಕಪಾಟನ್ನು ಮೂರು ಸಲ ಜೋಡಿಸಿದೆ; ಧಾರವಾಡ ಎಂದುಕೊಂಡರೆ ಈ ಬಾವಿಕಟ್ಟೆ ಕಣ್ಣಿಗೆ ಬರುತ್ತಿತ್ತು, ಇಲ್ಲೇ ಎಂದುಕೊಂಡರೆ ಅಕ್ಕನ ದನಿ ಕಿವಿಗೆ.

ಭಾನುವಾರ ಮಧ್ಯಾಹ್ನ ತಡೆಯಲಾರದೆ, ಪ್ರತಿ ವರ್ಗಾವಣೆಗೂ ಮಾಡುವ ಹಾಗೆ, ಮೊದಲು ಕುಂಡಗಳನ್ನು ಅಂಗಳಕ್ಕೆ ಸಾಗಿಸತೊಡಗಿದೆ. ತುಳಸಿ ಬಂತು, ಮಲ್ಲಿಗೆ ಬಂತು. ಕರಿಬೇವು ಮಾತ್ರ ಜಗ್ಗಲಿಲ್ಲ. ಸೆರಗು ಬಿಗಿದು ಎಳೆದರೂ ಅಲುಗಲಿಲ್ಲ. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಕುಸುಮತಾಯಿ ತಮ್ಮ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು, ಬೇರು ಕುಂಡದ ತೂತಿನಿಂದ ನೆಲಕ್ಕಿಳಿದು ಎಷ್ಟೋ ವರ್ಷವಾಯಿತೆಂದು. ನೀರು ಹಾಕಿ ಎಂದು ನಾನು ಬೇಸಿಗೆಯಲ್ಲಿ ಊರಿಗೆ ಹೊರಡುವಾಗ ಹೇಳಿ ಹೋಗುತ್ತಿದ್ದೆನಲ್ಲ, ಅವರು ಒಂದು ಸಲವೂ ಹಾಕಿರಲಿಲ್ಲವಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದೆ. ಹೇಳಿದ್ದರೆ ನೀವು ಕತ್ತರಿಸಿಬಿಡುತ್ತಿದ್ದಿರಿ ಎಂದರು.

ನಿಜ, ಕತ್ತರಿಸುತ್ತಿದ್ದೆ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇನ್ನು ಹೊರಡುವ ನೆಪವೇ ಇಲ್ಲದೆ ಬದುಕುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಮೊಳೆ ಹೊಡೆಯದ ನಮ್ಮ ಮನೆಯಲ್ಲಿ ಪೆಟ್ಟಿಗೆ ಬಡಿಯಲೆಂದೇ ಇಟ್ಟ ಸುತ್ತಿಗೆಯೊಂದಿದೆ. ಅದನ್ನು ತಂದು ಕುಂಡಕ್ಕೆ ಎರಡು ಏಟು ಹಾಕಿದೆ. ಮಣ್ಣು ಸುತ್ತಲೂ ಉದುರಿತು, ಗಿಡ ಮಾತ್ರ ನಿಂತೇ ಇತ್ತು.

ಸದ್ದಿಗೆ ಇವರು ಹೊರಗೆ ಬಂದು ಒಡೆದ ಚೂರುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಅಕ್ಕಗ ಏನ್ ಹೇಳ್ತಿ?" ಎಂದರು.

"ಬಂದು ನಮ್ಮ ಕರಿಬೇವು ನೋಡಿ ಹೋಗಂತೀನಿ. ನೀವು ಒಳಗ ಹೋಗಿ ಆ ದಿವಾನದ ಪೆಟಗಿ ಬಿಚ್ಚರಿ" ಎಂದು ಸುತ್ತಿಗೆಯನ್ನು ಅವರ ಕೈಗೆ ಕೊಟ್ಟೆ.