ನೆಲದ ಸದ್ದಿಗೆ ಕಿವಿಗೊಡುವ ಕ್ವಾಕು

ಫೆಬ್ರವರಿಯ ಶನಿವಾರ, ಬೆಳಗಿನ ಏಳೂವರೆ. ಡಚ್ ಪಟ್ಟಣ ಡೀಮೆನ್‌ನ ಟ್ರಾಮ್ ಹಳಿಯಾಚೆಯ ಫುಟ್‌ಬಾಲ್ ಮೈದಾನದಲ್ಲಿ ಕತ್ತಲು ಈಗಷ್ಟೇ ತೆಳುವಾಗುತ್ತಿದೆ. ಮೈದಾನ ನೋಡಿಕೊಳ್ಳುವ ಐವತ್ತೆಂಟರ ಕ್ವಾಕು ಅಪಾವ್ ಹಳೇ ಬೂಟಿನ ಲೇಸು ಬಿಗಿದು, ಕುಂಟು ಕಾಲಲ್ಲೇ ಮೂರು ಹೆಜ್ಜೆ ಬಿರುಸಾಗಿ ನಡೆದು ಗಕ್ಕನೆ ನಿಲ್ಲುತ್ತಾರೆ. ಬೂಟಿನ ತಳದ ಸ್ಟಡ್‌ಗಳು ಹುಲ್ಲಿಗೆ ಇಳಿದರೆ ಸದ್ದಿಲ್ಲ. ನೆಲ ಹೆಪ್ಪುಗಟ್ಟಿದ್ದರೆ ಟಕ್ ಎನ್ನುತ್ತದೆ.

ಹೀಗೆ ಇಪ್ಪತ್ತನಾಲ್ಕು ಕಡೆ ನಿಂತು ಕೇಳಬೇಕು. ಎಂಟೂವರೆಯೊಳಗೆ ಇವರು ಹೂಂ ಎಂದರೆ ಆಟ, ಉಹೂಂ ಎಂದರೆ ಗೇಟಿಗೆ ‘ಅಫ್‌ಗೆಲಾಸ್ಟ್’ ಬೋರ್ಡು: ಪಂದ್ಯ ರದ್ದು. ಹನ್ನೊಂದು ಚಳಿಗಾಲದಲ್ಲಿ ನಲವತ್ತಮೂರು ಸಲ ಆ ಬೋರ್ಡು ನೇತುಹಾಕಿದ್ದಾರೆ.

ಫ್ಲಾಟುಗಳ ನೆರಳು ಬೀಳುವ ಗೋಲಿನ ಮೂಲೆಯಲ್ಲಿ ಇವತ್ತು ಟಕ್ ಎಂದಿದೆ. ಕ್ವಾಕು ಅಲ್ಲೇ ಬಹಳ ಹೊತ್ತು ನಿಂತಿದ್ದಾರೆ. ಎರಡು ಸಲ ಮುಂದೂಡಿದ ಪಂದ್ಯವಿದು. ಆರು ವರ್ಷದಿಂದ ಇಲ್ಲಿ ಆಡುತ್ತಿರುವ ಬೆಂಗಳೂರಿನ ರಾಕೇಶ್‌ಗೆ ಇದೇ ಕೊನೆಯದು. ಸೋಮವಾರ ಅವರ ಸಂಸಾರ ನೈಮೆಗನ್‌ಗೆ ಹೊರಡುತ್ತದೆ. ಅಲ್ಲೊಂದು ಚಿಪ್ ಕಂಪನಿಯಲ್ಲಿ ಹೊಸ ಕೆಲಸ.

ಘಾನಾದ ಕುಮಾಸಿಯಲ್ಲಿ ಹುಟ್ಟಿದ ಕ್ವಾಕು ಇಪ್ಪತ್ತಕ್ಕೇ ಇಂಗ್ಲೆಂಡ್ ಸೇರಿದವರು. ದೊಡ್ಡ ಕ್ಲಬ್ಬೇನಲ್ಲ, ಉತ್ತರದ ಗಿರಣಿ ಊರೊಂದರ ಮೂರನೇ ದರ್ಜೆಯ ತಂಡ. ಒಂಬತ್ತು ವರ್ಷ, ಇನ್ನೂರ ಹನ್ನೆರಡು ಪಂದ್ಯ, ಮೂವತ್ತೊಂದು ಗೋಲು. ಗೋಲು ಕಡಿಮೆಯಾಯಿತಲ್ಲ ಎಂದರೆ ನಗುತ್ತಾರೆ. "ನಾನು ಹೊಡೆಯೋನಲ್ಲ, ಹೊಡೆಯೋನಿಗೆ ಕೊಡೋನು. ಊರಿನ ಮುದುಕಿಯರಿಗೆ ನನ್ನ ಹೆಸರು ಹೇಳೋಕೆ ಬರ್ತಿರಲಿಲ್ಲ. ಹನ್ನೊಂದನೇ ನಂಬರ್ ಅಂತ ಕರೆದು ಕೇಕ್ ಕೊಡ್ತಿದ್ರು."

ಅಲ್ಲೊಂದು ಜನವರಿಯ ಶನಿವಾರವೂ ನೆಲ ಹೀಗೇ ಇತ್ತು. ಎದುರಾಳಿ ಊರಿನವರು ಬಸ್ಸು ಮಾಡಿಕೊಂಡು ಬಂದುಬಿಟ್ಟಿದ್ದರು. ರೆಫ್ರಿ ನೆಲ ನೋಡಿದ, ತುಂಬಿದ ಗ್ಯಾಲರಿ ನೋಡಿದ, ಆಡಿಸಿದ. "ಬಿಸಿಲೂ ಬಂದಿತ್ತು. ನಲವತ್ತನೇ ನಿಮಿಷ ತಿರುಗೋಕೆ ಹೋದೆ. ಮೈ ಒಂದು ಕಡೆ ಹೋಯ್ತು, ಮಂಡಿ ಇನ್ನೊಂದು ಕಡೆ."

ಆಗ ಇಪ್ಪತ್ತೊಂಬತ್ತು ವಯಸ್ಸು. ಆಮೇಲೆ ಗೋದಾಮಿನ ಕೆಲಸ; ಡೀಮೆನ್‌ನಲ್ಲಿದ್ದ ಅಕ್ಕ ಕರೆಸಿಕೊಂಡ ಮೇಲೆ ರೈಲು ತೊಳೆಯುವ ಕೆಲಸ; ಕೊನೆಗೆ ಈ ಹುಲ್ಲು. ಅಂದಿನಿಂದ ನೆಲಮಹಡಿಯ ಮನೆ ಬಿಟ್ಟು ಬೇರೆ ಕಡೆ ವಾಸ ಮಾಡಿದ್ದೇ ಇಲ್ಲ. ಮೆಟ್ಟಿಲೆಂದರೆ ಮಂಡಿ ಮುಷ್ಕರ ಹೂಡುತ್ತದೆ.

ಎಂಟಕ್ಕೆ ರಾಕೇಶ್ ಬರುತ್ತಾರೆ. ಕ್ವಾಕು ಜೊತೆ ಇಲ್ಲಿನ ಕನ್ನಡದವರ ಮಾತು ಇಂಗ್ಲಿಷಿನಲ್ಲೇ, ‘ಅಣ್ಣ’ ಮಾತ್ರ ಕನ್ನಡದ್ದು.

"ಅಣ್ಣ, ಹನ್ನೊಂದಕ್ಕೆ ಬಿಸಿಲು ಅಂತ ಫೋನಲ್ಲಿ ತೋರಿಸ್ತಿದೆ. ಒಂದು ಮೂಲೆ ತಾನೇ? ಆ ಕಡೆ ಹೋಗಲ್ಲ ಬಿಡಿ."

"ಚೆಂಡು ಹೋದ್ರೆ?"

"ನನ್ನ ಲಾಸ್ಟ್ ಮ್ಯಾಚ್ ಅಣ್ಣ."

"ಗೊತ್ತು," ಎನ್ನುತ್ತ ಕ್ವಾಕು ಬೋರ್ಡು ತರಲು ಹೋಗುತ್ತಾರೆ. ರಾಕೇಶ್ ಕ್ಯಾಂಟೀನಿಗೆ ಹೋಗಿ ಕೂರುತ್ತಾರೆ.

ಹನ್ನೆರಡಕ್ಕೆ ಬಿಸಿಲು ಬಂದೇ ಬರುತ್ತದೆ. ಹುಲ್ಲು ಹಸಿರಾಗಿ ಹೊಳೆಯುತ್ತದೆ. ಹದಿನಾರು ಜನರ ಚಿತ್ರಾನ್ನ ಹೊತ್ತು ತಂದ ರಾಕೇಶ್ ಪತ್ನಿ ಪದ್ಮಿನಿ, ಗಂಡನ ಮುಖ ನೋಡಿ ಕ್ವಾಕುವನ್ನೇ ತರಾಟೆಗೆ ತೆಗೆದುಕೊಳ್ಳುತ್ತಾರೆ. "ಏನಣ್ಣ, ಇಷ್ಟು ಬಿಸಿಲಿಟ್ಕೊಂಡು ಮ್ಯಾಚ್ ಬೇಡ ಅಂದ್ರಂತೆ? ಸೋಮವಾರದವರೆಗೂ ಈ ಮುಖ ನಾನು ನೋಡ್ಬೇಕು."

ಕ್ವಾಕು ವಾದಿಸುವುದಿಲ್ಲ. ರಾಕೇಶ್‌ರನ್ನು ಆ ಮೂಲೆಗೆ ಕರೆದೊಯ್ದು, "ಹೆಬ್ಬೆರಳು ಒತ್ತು," ಎನ್ನುತ್ತಾರೆ. ಬೆರಳು ಮೆತ್ತನೆ ಇಳಿಯುತ್ತದೆ, ಉಗುರು ಮುಳುಗುವಷ್ಟು. ಅದರಡಿ ನೆಲ ಇನ್ನೂ ಕಲ್ಲು.

"ಬೆಳಿಗ್ಗೆ ಆದ್ರೆ ಸದ್ದಾದ್ರೂ ಮಾಡ್ತಿತ್ತು," ಎನ್ನುತ್ತಾರೆ ಕ್ವಾಕು. "ಈಗ ಸದ್ದೂ ಇಲ್ಲ. ಅವತ್ತೂ ಹೀಗೇ ಇತ್ತು."

ರಾಕೇಶ್ ಬೆರಳಿನ ಕೆಸರು ಒರೆಸಿಕೊಂಡು, "ಚಿತ್ರಾನ್ನ ಆರ್ತಿದೆ, ಬನ್ನಿ ಅಣ್ಣ," ಎನ್ನುತ್ತಾರೆ.

ತಟ್ಟೆ ಹಿಡಿದು ಕುಳಿತಾಗ ಪದ್ಮಿನಿಗೆ ಹೊಸ ಮನೆಯ ಚಿಂತೆ. "ಮೂರನೇ ಮಹಡಿ, ಲಿಫ್ಟ್ ಇಲ್ಲ. ವಾಷಿಂಗ್ ಮೆಷಿನ್ ಇವರೇ ಹೊರ್ಬೇಕು."

ಕ್ವಾಕು ರಾಕೇಶರ ಮಂಡಿ ನೋಡಿ ತಲೆಯಾಡಿಸುತ್ತಾರೆ. "ಹೊರ್ತಾನೆ ಬಿಡಮ್ಮ." ಮತ್ತೆ ರಾಕೇಶ್ ಕಡೆ ತಿರುಗಿ, "ಹತ್ತಿದ ಮೇಲೆ ಫೋನ್ ಮಾಡು. ಮೂರನೇ ಮಹಡಿಯಿಂದ ಏನೇನು ಕಾಣ್ಸುತ್ತೆ ಹೇಳು. ನಾನು ನೋಡಿ ಬಹಳ ವರ್ಷ ಆಯ್ತು."